ಕೇಬಲ್ ದುಡ್ಡು ಯಾಕೆ ಕಟ್ಟಬೇಕು ಎಂದು ಕೇಳಿದವರಿಗೆ

ಹೋದ ತಿಂಗಳು ಬಂಗಾರಪೇಟೆಯ ನಮ್ಮ ಹಳೇ ಆಫೀಸಿಗೆ ನನ್ನನ್ನು ಕರೆದಿದ್ದರು. ಹೊಸದಾಗಿ ನಾಲ್ಕು ಜನ ಕೆಲಸಕ್ಕೆ ಸೇರಿದ್ದಾರೆ, ಅವರಿಗೆ ಅನುಭವದ ಎರಡು ಮಾತು ಹೇಳಿ ಅಂತ. ಈಗ ಅಲ್ಲಿ ಟಿವಿಗಿಂತ ಇಂಟರ್‌ನೆಟ್ ಲೈನಿನ ಕೆಲಸವೇ ಜಾಸ್ತಿ. ಏಣಿ ಹೇಗೆ ಆನಿಸಬೇಕು, ಕರೆಂಟ್ ಕಂಬದ ಯಾವ ಕಡೆಯಿಂದ ಹತ್ತಬಾರದು, ನಾಯಿ ಇರುವ ಮನೆಗೆ ಹೇಗೆ ಹೋಗಬೇಕು ಎಂದೆಲ್ಲ ಹೇಳಿದೆ. ಕೊನೆಗೆ ಒಬ್ಬಳು ಹುಡುಗಿ ಎದ್ದು, "ಸಾರ್, ಏನೂ ನೋಡದೇ ಇದ್ರೂ ತಿಂಗಳು ತಿಂಗಳು ಯಾಕೆ ಕಟ್ಟಬೇಕು ಅಂತ ಮನೆಯವರು ಜಗಳಕ್ಕೆ ಬಂದ್ರೆ ಏನು ಹೇಳಬೇಕು?" ಎಂದು ಕೇಳಿದಳು. ಕಂಪನಿಯವರು ನನಗೆ ಕಲಿಸಿದ್ದ ಉತ್ತರವನ್ನೇ ಅವಳಿಗೆ ಒಪ್ಪಿಸಿ, ಟೀ ಕುಡಿದು, ಬಸ್ಸು ಹತ್ತಿ ಮನೆಗೆ ಬಂದೆ. ಆ ಉತ್ತರ ಸರಿಯಲ್ಲ. ಸರಿಯಾದ ಉತ್ತರ ನಾಲ್ಕು ಜನರ ಎದುರು ಹೇಳುವಷ್ಟು ಚಿಕ್ಕದೂ ಅಲ್ಲ, ಅಷ್ಟು ಧೈರ್ಯವೂ ನನಗಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಹೆಸರು ಮುನಿರಾಜು. ಊರು ಕಾಮಸಮುದ್ರದ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ಎರಡು ಸೀಮೆ ಹಸು, ರಾಗಿ ಬೆಳೆಯುವಷ್ಟು ಹೊಲ. ಇಪ್ಪತ್ತಾರು ವರ್ಷ ಕೇಬಲ್ ಲೈನ್‌ಮನ್ ಆಗಿದ್ದೆ. ಪ್ರಮೋಷನ್ ಅಂತ ನನಗೆ ಸಿಕ್ಕಿದ್ದು ಒಂದೇ, ಬಿದಿರೇಣಿಯಿಂದ ಅಲ್ಯೂಮಿನಿಯಂ ಏಣಿಗೆ. ನಿವೃತ್ತಿ ಎಂದರೆ ಹಾರ, ಶಾಲು, ಭಾಷಣ ಎಂದು ತಿಳಿಯಬೇಡಿ. ಕಂಬ ಹತ್ತುವಾಗ ಮಂಡಿ ಕೈಕೊಟ್ಟಿತು. ಮೂರು ತಿಂಗಳು ಬರೀ ವಸೂಲಿಗೆ ಹಾಕಿದರು. ಆಮೇಲೆ ಸಾಕು ಎಂದರು.

ನಮ್ಮಪ್ಪನ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಅಪ್ಪ ಕಟ್ಟುತ್ತಿರಲಿಲ್ಲ. ತಪಾಸಣೆಯವರು ಬಂದರು ಎಂದು ಸುದ್ದಿಯಾದರೆ ರೇಡಿಯೋ ಹುಲ್ಲಿನ ಬಣವೆಯೊಳಗೆ ಹೋಗುತ್ತಿತ್ತು. ಒಂದು ಸಲ ಹಾಗೆ ಇಟ್ಟವನು ಆರಿಸುವುದನ್ನು ಮರೆತು, ಬಣವೆಯೊಳಗಿಂದ ಕೃಷಿ ವಾರ್ತೆ ಬರತೊಡಗಿತು. ತಪಾಸಣೆಗೆ ಬಂದವರು ಒಳ್ಳೆಯವರು, ನಕ್ಕು ದಂಡ ಹಾಕಿ ಹೋದರು. ಅಪ್ಪ ಸಾಯುವ ತನಕ, "ಗಾಳಿಯಾಗೆ ಬರಾದಕ್ಕೆ ದುಡ್ಡು ಕೇಳ್ತಾರಲ್ಲ, ಇವರ ಮನೆ ಆಳಾಗ" ಎಂದು ಬೈಯುತ್ತಿದ್ದ. ಅವನ ಮಗನಾದ ನಾನು ದುಡಿದ ಇಪ್ಪತ್ತಾರು ವರ್ಷವೂ ಮನೆ ಮನೆಯ ಬಾಗಿಲಲ್ಲಿ ನಿಂತು ಅದನ್ನೇ ಕೇಳಿದೆ.

ಮೊದಲು ನನ್ನನ್ನು ಹಾಕಿದ್ದು ಕೆಜಿಎಫ್‌ನ ಮೈಸೂರು ಮೈನ್ಸ್ ಕಡೆಗೆ. ಗಣಿ ಮುಚ್ಚುವ ಹೊತ್ತಿಗೆ ಅಲ್ಲಿನ ಸಾಲುಮನೆಗಳಿಗೆಲ್ಲ ನಮ್ಮ ವೈರು ಹೋಗಿತ್ತು. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ಆಗ ಚಿತ್ರ ಸಾಲಿನ ಕೊನೇ ಮನೆ ಮುಟ್ಟಬೇಕಾದರೆ ನಡುವೆ ಒಂದು ಆಂಪ್ಲಿಫೈಯರ್ ಕೂರಿಸಬೇಕಿತ್ತು. ಅದಕ್ಕೆ ಕರೆಂಟ್ ಬೇಕು. ನಾವು ಸಾಲಿನಲ್ಲಿ ಒಂದು ಮನೆ ಹಿಡಿದು, ಅವರ ಮನೆಯ ಕರೆಂಟಿಗೆ ಅದನ್ನು ಸಿಕ್ಕಿಸಿ, ಬದಲಿಗೆ ಅವರಿಗೆ ಕೇಬಲ್ ಬಿಟ್ಟಿ ಕೊಡುತ್ತಿದ್ದೆವು. ನಮ್ಮ ಸಾಲಿನಲ್ಲಿ ಆ ಮನೆ ತಮಿಳು ಮನೆಮಾತಿನ ಸೆಲ್ವಿ ಅಕ್ಕನದು. ಗಂಡ ಗಣಿಯಲ್ಲಿ ದುಡಿದು ಎದೆ ಕೆಡಿಸಿಕೊಂಡು ಮನೆಯಲ್ಲಿದ್ದ. ಅಕ್ಕ ಇಡ್ಲಿ ಮಾರುತ್ತಿದ್ದಳು.

ಆಂಪ್ಲಿಫೈಯರಿನ ಸ್ವಿಚ್ಚು ಅವಳ ಅಡುಗೆಮನೆಯಲ್ಲಿತ್ತು. ಹಾಗಾಗಿ ಇಡೀ ಸಾಲಿನ ಇಪ್ಪತ್ತು ಮನೆಯ ಟಿವಿ ಅವಳ ಕೈಯಲ್ಲಿತ್ತು. ಒಂದು ಸಂಜೆ ಸಾಲಿನವರೆಲ್ಲ ಟಿವಿ ಬರುತ್ತಿಲ್ಲ ಎಂದು ನನ್ನ ಮೇಲೆ ಕೂಗಾಡಿದರು. ವೈರೆಲ್ಲ ಹುಡುಕಿ ಸಾಕಾಗಿ ಸೆಲ್ವಿ ಅಕ್ಕನ ಮನೆಗೆ ಹೋದರೆ, ಅವಳು ಆರಾಮವಾಗಿ ಬೇಳೆ ಆರಿಸುತ್ತಿದ್ದಳು.

"ನಾನೇ ತಂಬಿ ಆಫ್ ಮಾಡಿದ್ದು. ನಲ್ಲಿ ಹತ್ರ ಆ ಮೂರನೇ ಮನೆಯವಳು ನನ್ನ ಕೊಡ ಒದ್ದಳು. ಇವತ್ತು ಸೀರಿಯಲ್ ಹೆಂಗೆ ನೋಡ್ತಾಳೋ ನಾನೂ ನೋಡ್ತೀನಿ" ಎಂದಳು.

"ಅಕ್ಕ, ಮಿಕ್ಕವರು ಏನು ಮಾಡಿದ್ರು?"

"ಸಿರಿಚ್ಚಾಂಗ ತಂಬಿ, ನಿಂತ್ಕೊಂಡು ನಕ್ಕರು!"

ಮೂರನೇ ಮನೆಯವಳು ಬಂದು ಹೊಸ ಕೊಡ ಕೊಡಿಸುತ್ತೇನೆ ಎಂದ ಮೇಲೆಯೇ ಸ್ವಿಚ್ಚು ಬಿದ್ದದ್ದು. ಆ ಕಾಲದಲ್ಲಿ ಯಾರಾದರೂ, ದುಡ್ಡು ಯಾಕೆ ಕಟ್ಟಬೇಕು ಎಂದರೆ ನನಗೆ ಉತ್ತರ ಸಲೀಸಾಗಿತ್ತು. ವೈರು ಕಣ್ಣಿಗೆ ಕಾಣುತ್ತಿತ್ತು, ನಾನು ಕಂಬದ ಮೇಲೆ ಕಾಣುತ್ತಿದ್ದೆ, ಕೆಟ್ಟರೆ ಬೈಯಲು ನಮ್ಮ ಓನರ್ ವೆಂಕಟೇಶಪ್ಪನವರು ಬಂಗಾರಪೇಟೆಯಲ್ಲಿ ಸಿಗುತ್ತಿದ್ದರು. ಒಂದು ತಿಂಗಳು ಕಟ್ಟಲಾಗದಿದ್ದರೆ, ಮುಂದಿನ ತಿಂಗಳು ಕೊಡಿ ಎಂದು ಬಿಡುತ್ತಿದ್ದೆವು. ಬಿಡುವುದು, ಕತ್ತರಿಸುವುದು ಎರಡೂ ನಮ್ಮ ಕೈಯಲ್ಲೇ ಇತ್ತು.

ಕತ್ತರಿಸುವುದಕ್ಕೂ ಒಂದು ವಿದ್ಯೆಯಿತ್ತು. ತೀರಾ ಸತಾಯಿಸುವವರ ಮನೆಯ ವೈರನ್ನು ನಾವು ಕತ್ತರಿಸುತ್ತಿರಲಿಲ್ಲ, ಕಂಬದ ಮೇಲೆ ಪಿನ್ ಸಡಿಲ ಮಾಡುತ್ತಿದ್ದೆವು. ಚಿತ್ರ ಬರುತ್ತದೆ, ಆದರೆ ಮಂಜು ಮಂಜು. ಹೀರೋ ಯಾರು ವಿಲನ್ ಯಾರು ತಿಳಿಯಬಾರದು, ಅಷ್ಟು. ಮಾರನೇ ದಿನ ಅವರೇ ಆಫೀಸಿಗೆ ಬರುತ್ತಿದ್ದರು. ಒಮ್ಮೆ ಬಂಗಾರಪೇಟೆಯಲ್ಲಿ ಹೀಗೆ ಪಿನ್ ಸಡಿಲಿಸಿ ಬಂದರೆ, ಅದು ಬಾಕಿದಾರನದಲ್ಲ, ನಮ್ಮ ಓನರಿನ ಮಾವನ ಮನೆಯದು. ಆವತ್ತು ಕ್ರಿಕೆಟ್ ಫೈನಲ್. ವೆಂಕಟೇಶಪ್ಪನವರು ಒಂದು ವಾರ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ, "ಆ ದೊಡ್ಡ ಮನುಷ್ಯನನ್ನ ಕರೀರಿ" ಎನ್ನುತ್ತಿದ್ದರು. ಇಂಥ ತಪ್ಪುಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ನನ್ನ ತಪ್ಪುಗಳು ಅಲ್ಲಿಗೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ.

ಆಮೇಲೆ ಬಾಕ್ಸ್ ಬಂತು. ಜನ ಅದನ್ನು ಡಬ್ಬಿ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಕೇಬಲ್ ಇರುವ ಪ್ರತಿ ಮನೆಯಲ್ಲೂ ಡಬ್ಬಿ ಕಡ್ಡಾಯ ಎಂದು ಕಾನೂನಾಯಿತು. ನಮ್ಮ ಓನರ್ ಓನರಾಗಿ ಉಳಿಯಲಿಲ್ಲ, ದೊಡ್ಡ ಕಂಪನಿಯೊಂದರ ಏಜೆಂಟರಾದರು. ಪ್ರತಿ ಡಬ್ಬಿಗೂ ಒಂದು ನಂಬರು. ಆ ನಂಬರಿಗೆ ತಿಂಗಳ ದುಡ್ಡು ಬೀಳದಿದ್ದರೆ ಬೆಂಗಳೂರಿನಲ್ಲಿ ಎಲ್ಲೋ ಕೂತಿರುವ ಕಂಪ್ಯೂಟರು ಅದನ್ನು ಆರಿಸಿಬಿಡುತ್ತದೆ. ಕೆಲವು ವರ್ಷ ಕಳೆದ ಮೇಲೆ ಚಾನೆಲ್‌ಗಳಿಗೂ ಹೊಸ ನಿಯಮ ಬಂತು. ದುಡ್ಡಿನ ಚಾನೆಲ್ ಒಂದೂ ಬೇಡ, ಸರ್ಕಾರದ ಚಾನೆಲ್ ಒಂದೇ ಸಾಕು ಎಂದರೂ ತಿಂಗಳಿಗೆ ಕನಿಷ್ಠ ಇಷ್ಟು ಎಂದು ಕಟ್ಟಲೇಬೇಕು. ಪುಕ್ಕಟೆ ಚಾನೆಲ್‌ಗೆ ಯಾಕೆ ದುಡ್ಡು ಎಂದು ಕೇಳಿದರೆ, ಚಾನೆಲ್ ಪುಕ್ಕಟೆ, ಅದು ಬರುವ ದಾರಿಗೆ ದುಡ್ಡು ಎನ್ನಬೇಕೆಂದು ನಮಗೆ ಕಲಿಸಿದರು. ಹೋದ ತಿಂಗಳು ಆ ಹುಡುಗಿಗೆ ನಾನು ಒಪ್ಪಿಸಿದ್ದು ಇದನ್ನೇ.

ಸೆಲ್ವಿ ಅಕ್ಕನಿಗೂ ಡಬ್ಬಿ ಬಂತು. ಡಬ್ಬಿಗೆ ಬಿಟ್ಟಿ ಎನ್ನುವ ಮಾತೇ ಇಲ್ಲ. ಇಪ್ಪತ್ತು ಮನೆಗೆ ಅವಳ ಕರೆಂಟಿನಿಂದಲೇ ಚಿತ್ರ ಹೋಗಬೇಕು, ಅವಳೂ ತಿಂಗಳ ದುಡ್ಡು ಕಟ್ಟಬೇಕು. ಇದು ಸರಿಯಲ್ಲ ಎಂದು ನಾನು ವೆಂಕಟೇಶಪ್ಪನವರಿಗೆ ಹೇಳಿದೆ. "ನನಗೇ ಒಂದು ಬಿಟ್ಟಿ ಡಬ್ಬಿ ಇಲ್ಲ ಕಣಯ್ಯ" ಎಂದರು. ಅವರ ಮುಖ ನೋಡಿದರೆ ನಿಜವೇ ಇರಬೇಕು ಅನ್ನಿಸಿತು. ಮುಂದೆ ಹೊಸ ಲೈನ್ ಎಳೆದಾಗ ಆಂಪ್ಲಿಫೈಯರೇ ಬೇಡವಾಗಿ, ನಾನೇ ಹೋಗಿ ಬಿಚ್ಚಿಕೊಂಡು ಬಂದೆ. ಅಕ್ಕ ಬಾಗಿಲಲ್ಲಿ ನಿಂತು, "ಇಷ್ಟು ವರ್ಷ ನನ್ನ ಕರೆಂಟ್ ತಿಂತಲ್ಲ ತಂಬಿ, ಒಂದು ಒಳ್ಳೆ ಮಾತು ಯಾರಾದ್ರೂ ಹೇಳಬಾರದಾ?" ಎಂದಳು. ಯಾರೂ ಹೇಳಿರಲಿಲ್ಲ. ನಾನು ಏಣಿ ಎತ್ತಿಕೊಂಡೆ.

ಈಗ ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ.

ಡಬ್ಬಿ ಹಂಚುವ ಆ ದಿನಗಳಲ್ಲಿ ನಮಗೆ ತಿಂಗಳಿಗೆ ಇಷ್ಟು ಡಬ್ಬಿ ಎಂದು ಗುರಿ ಇತ್ತು. ಪೇಟೆ ಮುಗಿಯಿತು, ಮೈನ್ಸ್ ಮುಗಿಯಿತು, ಕಾಮಸಮುದ್ರದ ಕಡೆಯ ಹಳ್ಳಿಗಳು ಉಳಿದವು. ಅಲ್ಲಿ ಅನೇಕ ಮನೆಗಳಲ್ಲಿ ಮಾಳಿಗೆ ಮೇಲೆ ಬುಟ್ಟಿಯಂಥ ಪುಕ್ಕಟೆ ಡಿಶ್ ಇತ್ತು. ಒಂದು ಸಲ ಕೊಂಡರೆ ಮುಗಿಯಿತು, ತಿಂಗಳ ದುಡ್ಡಿಲ್ಲ. ಸರ್ಕಾರದ ಚಾನೆಲ್‌ಗಳು, ಜೊತೆಗೆ ಇನ್ನೊಂದಿಷ್ಟು ಬರುತ್ತಿದ್ದವು. ಡಬ್ಬಿಯ ಕಾನೂನಿಗೂ ಆ ಡಿಶ್ಶಿಗೂ ಯಾವ ಸಂಬಂಧವೂ ಇರಲಿಲ್ಲ. ಕಂಪನಿ ಕೊಟ್ಟ ಕರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ, ಈ ನಿಯಮ ಕೇಬಲ್ ಗ್ರಾಹಕರಿಗೆ ಮಾತ್ರ ಎಂದು ಅಚ್ಚಾಗಿಯೇ ಇತ್ತು. ನಾನು ಬಸ್ಸಿನಲ್ಲಿ ಕೂತು ಓದಿ, ಆಫೀಸಿಗೆ ಹೋಗಿ ವೆಂಕಟೇಶಪ್ಪನವರಿಗೆ ತೋರಿಸಿದೆ.

"ಆ ಕೊನೇ ಸಾಲು ಯಾರೂ ಓದಲ್ಲ. ನೀನೂ ಓದಬೇಡ" ಎಂದರು. "ಎಲ್ಲಾ ನಿಂತೋಗ್ತದೆ ಅನ್ನು. ಹಳೇ ಡಿಶ್ ತಂದವರಿಗೆ ಡಬ್ಬಿ ಅರ್ಧ ರೇಟು ಅನ್ನು. ಡಿಶ್ ಮಾತ್ರ ಬಿಚ್ಚಿಕೊಂಡು ಬಾ, ಇಲ್ಲದಿದ್ರೆ ಮತ್ತೆ ಅದಕ್ಕೇ ಹೋಗ್ತಾರೆ."

ನಾನು ಹಾಗೇ ಹೇಳಿದೆ. ಎಷ್ಟು ಮನೆಗೆ ಹೇಳಿದೆನೋ ಲೆಕ್ಕವಿಲ್ಲ. ಓನರ್ ಹೇಳಿದರು, ನಾನು ಹೇಳಿದೆ, ನನಗೇನು ಗೊತ್ತು ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗೊತ್ತಿತ್ತು. ಓದಿದ ಕರಪತ್ರ ಜೇಬಿನಲ್ಲಿತ್ತು.

ಜಯಮ್ಮ ನಮ್ಮೂರಿನ ಹೆಣ್ಣುಮಗಳು. ಮೂರು ಮೈಲಿ ದೂರದ ಹಳ್ಳಿಗೆ ಕೊಟ್ಟಿದ್ದರು. ತವರಿನವನೆಂದು ನನ್ನನ್ನು ಅಣ್ಣ ಎನ್ನುತ್ತಿದ್ದಳು, ಅವಳ ಮಗಳು ಕವಿತಾ ಮಾಮ ಎನ್ನುತ್ತಿದ್ದಳು. ಗಂಡ ಕೃಷ್ಣಪ್ಪ ಬೆಳಗಿನ ಟ್ರೈನಿಗೆ ಬಂಗಾರಪೇಟೆಯಿಂದ ವೈಟ್‌ಫೀಲ್ಡಿಗೆ ಹೋಗಿ ಒಂದು ಗೋಡೌನಿನಲ್ಲಿ ಮೂಟೆ ಹೊತ್ತು ಸಂಜೆ ಟ್ರೈನಿಗೆ ವಾಪಸ್ಸು ಬರುತ್ತಿದ್ದ. ಜಯಮ್ಮ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು. ಅವರ ಮಾಳಿಗೆ ಮೇಲೂ ಪುಕ್ಕಟೆ ಡಿಶ್ ಇತ್ತು, ಚೆನ್ನಾಗಿಯೇ ಬರುತ್ತಿತ್ತು.

"ಇದು ನಿಂತೋಗ್ತದಾ ಅಣ್ಣ? ನಿಜವಾಗ್ಲೂನಾ?" ಎಂದು ಜಯಮ್ಮ ಕೇಳಿದಳು.

"ಇವತ್ತೋ ನಾಳೆಯೋ ನಿಂತೋಗ್ತದಮ್ಮ. ಕಾನೂನು" ಎಂದೆ.

"ನೀನು ಏಳಿದ ಮೇಲೆ ಇನ್ನೇನು. ಬಿಚ್ಕೊಂಡೋಗು" ಎಂದಳು. ಬೇರೆ ಮನೆಗಳಲ್ಲಿ ವಾದ ಮಾಡುತ್ತಿದ್ದರು, ಮೂರು ಸಲ ಅಲೆಸುತ್ತಿದ್ದರು. ಇವಳು ಕಾಫಿ ಕೊಟ್ಟಳು. ಕವಿತಾ ಆಗ ಐದೋ ಆರೋ ಓದುತ್ತಿದ್ದಳು, ನಾನು ಮಾಳಿಗೆಯಿಂದ ಇಳಿಸಿದ ಡಿಶ್ಶನ್ನು ಕೆಳಗೆ ಎರಡು ಕೈಯಲ್ಲಿ ಹಿಡಿದು ನೆಲಕ್ಕಿಟ್ಟಳು. ಅದನ್ನು ಬೈಕಿಗೆ ಕಟ್ಟಿ ಆಫೀಸಿಗೆ ತಂದು ಹಿತ್ತಲಿನ ರಾಶಿಗೆ ಎಸೆದೆ. ಆ ರಾಶಿಯನ್ನೆಲ್ಲ ಒಂದು ದಿನ ಗುಜರಿಗೆ ಹಾಕಿದರು.

ಮೂರ್ನಾಲ್ಕು ವರ್ಷ ಏನೂ ಆಗಲಿಲ್ಲ. ಜಯಮ್ಮ ತಪ್ಪದೆ ಕಟ್ಟುತ್ತಿದ್ದಳು. ಹಾಲಿನ ದುಡ್ಡು ಬಂದ ದಿನವೇ ಎತ್ತಿಟ್ಟಿರುತ್ತಿದ್ದಳು. ಆಮೇಲೆ ಕೊರೊನಾ ಬಂತು. ಟ್ರೈನು ನಿಂತವು. ಟ್ರೈನು ನಿಂತರೆ ಬಂಗಾರಪೇಟೆ ಸುತ್ತಮುತ್ತ ಎಷ್ಟು ಮನೆಯ ಒಲೆ ನಿಲ್ಲುತ್ತದೆ ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣಪ್ಪ ಮನೆಯಲ್ಲಿ ಕೂತ. ಶಾಲೆಯೂ ಮುಚ್ಚಿತು. ಕವಿತಾ ಆಗ ಹತ್ತನೇ ಕ್ಲಾಸು. ಅವರ ಮನೆಯಲ್ಲಿದ್ದದ್ದು ಬಟನ್ ಫೋನು, ಅದರಲ್ಲಿ ಪಾಠ ಬರುವುದಿಲ್ಲ. ಸರ್ಕಾರದ ಟಿವಿ ಚಾನೆಲ್‌ನಲ್ಲಿ ಬೆಳಿಗ್ಗೆ ಪಾಠ ಬರುತ್ತದೆ, ಎಲ್ಲರೂ ನೋಡಿ ಬರೆದುಕೊಳ್ಳಿ ಎಂದು ಮೇಷ್ಟ್ರು ಮನೆ ಮನೆಗೆ ಹೇಳಿ ಹೋಗಿದ್ದರು. ಜಯಮ್ಮನ ಮನೆಯ ಟಿವಿಯಲ್ಲಿ ಮಾತ್ರ ಪಾಠ ಬರಲಿಲ್ಲ. ನಿಮ್ಮ ಚಂದಾ ಮುಗಿದಿದೆ ಎಂಬ ಒಂದು ಸಾಲು ಬರುತ್ತಿತ್ತು.

ತಾಯಿ ಮಗಳು ಮುಖಕ್ಕೆ ಸೆರಗು, ವೇಲು ಕಟ್ಟಿಕೊಂಡು ಮೂರು ಮೈಲಿ ನಡೆದು ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ, ಹಸು ಕಟ್ಟುವ ಕಡೆ ನಿಂತರು. ಹುಡುಗಿಯೇ ಮಾತು ತೆಗೆದಳು.

"ಮಾಮ, ನಂಗೆ ಸೀರಿಯಲ್ ಬ್ಯಾಡ, ಸಿನಿಮಾ ಬ್ಯಾಡ. ಪಾಠ ಬರೋ ಚಾನೆಲ್ ಒಂದೇ ಸಾಕು. ಅದಕ್ಕೆ ದುಡ್ಡಿಲ್ಲ ಅಂತ ಮೇಷ್ಟ್ರೇ ಏಳಿದ್ರು."

"ಚಾನೆಲ್‌ಗೆ ದುಡ್ಡಿಲ್ಲ ಪುಟ್ಟಿ. ಡಬ್ಬಿಗೆ ದುಡ್ಡು."

"ಡಬ್ಬಿ ನಮ್ದೇ ಅಲ್ವಾ? ದುಡ್ಡು ಕೊಟ್ಟೇ ತಕೊಂಡಿದ್ದಲ್ವಾ?"

"ನಿಮ್ದೇ. ಅದ್ರಲ್ಲಿ ಬರೋದಕ್ಕೆ ತಿಂಗ್ಳು ತಿಂಗ್ಳು ಕಟ್ಬೇಕು."

"ಪುಕ್ಕಟೆ ಬರೋದಕ್ಕೂನಾ ಮಾಮ?"

ಕನಿಷ್ಠ ಶುಲ್ಕ ಯಾಕೆ ಎಂದು ನಮಗೆ ತರಬೇತಿ ಕೊಟ್ಟಿದ್ದರು. ದಾರಿಗೆ ದುಡ್ಡು ಎನ್ನುವ ಆ ಉತ್ತರವನ್ನು ಅವಳಿಗೆ ಒಪ್ಪಿಸದೆ, ಹಸುವಿನ ಹಗ್ಗ ಬಿಗಿದು ಕಟ್ಟಿದೆ. ಹಳೇ ಕಾಲವಾಗಿದ್ದರೆ ಏಣಿ ಹಾಕಿ ಒಂದು ವೈರು ಎಳೆದು ಬರುತ್ತಿದ್ದೆ, ಓನರಿಗೆ ಗೊತ್ತಾದರೂ ಸುಮ್ಮನಿರುತ್ತಿದ್ದರು. ಈಗ ನಾನು ಕಂಬ ಹತ್ತಿದರೂ ಒಂದೇ, ಬಿಟ್ಟರೂ ಒಂದೇ.

ಜಯಮ್ಮ ಮೆಲ್ಲಗೆ, "ನಮ್ಮ ಅಳೇ ಬುಟ್ಟಿ ಇದ್ರೆ ಕೊಟ್ಬುಡಣ್ಣ. ಅದೇ ಸಾಕು ಈಗ" ಎಂದಳು.

"ಅದು ಗುಜರಿಗೆ ಹೋಯ್ತಮ್ಮ."

"ಕೆರೆ ಆಚೆ ಚೌಡಪ್ಪನೋರ ಮನೇಲಿ ಇನ್ನೂ ಬತ್ತಾನೇ ಅದೆ. ಅವರ್ದು ನಿಂತಿಲ್ಲ."

ಆಗಲಾದರೂ ನಿಜ ಹೇಳಬಹುದಿತ್ತು. "ಅದೂ ನಿಂತೋಗ್ತದೆ, ನೋಡ್ತಿರು" ಎಂದುಬಿಟ್ಟೆ.

ಆ ತಿಂಗಳ ದುಡ್ಡನ್ನು ನಾನೇ ಕಟ್ಟಿದೆ. ಡಬ್ಬಿ ಹೊತ್ತಿಕೊಂಡಿತು, ಹುಡುಗಿ ಒಂದು ತಿಂಗಳು ಮನೆಯಲ್ಲೇ ಕೂತು ಪಾಠ ನೋಡಿದಳು. ಮುಂದಿನ ತಿಂಗಳು ನನಗೇ ಸಂಬಳ ಬರಲಿಲ್ಲ, ಕಟ್ಟಲಿಲ್ಲ. ಇದನ್ನು ಓದುವವರು ಕೇಳಬಹುದು, ಒಂದು ಪುಕ್ಕಟೆ ಡಿಶ್ ತಂದುಕೊಟ್ಟರೆ ಮುಗಿಯುತ್ತಿತ್ತಲ್ಲ ಎಂದು. ಅಂಗಡಿಗಳು ತೆರೆದ ಮೇಲೆ ಬಂಗಾರಪೇಟೆಯಲ್ಲಿ ಸಿಗುತ್ತಿತ್ತು, ಸಾಲ ಮಾಡಿಯಾದರೂ ತರಬಹುದಿತ್ತು. ತಂದರೆ ನಾನು ಎರಡು ಸಲ ಹೇಳಿದ್ದೂ ಸುಳ್ಳು ಎಂದು ನಾನೇ ಒಪ್ಪಿಕೊಂಡಂತೆ. ಜಯಮ್ಮ ಒಬ್ಬಳಲ್ಲ, ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಯವರು ಬಂದು ಕೊರಳಪಟ್ಟಿ ಹಿಡಿಯುತ್ತಿದ್ದರು. ಆ ಹೆದರಿಕೆಗೆ ತರಲಿಲ್ಲ. ಆ ಊರಿನ ಕಡೆ ಹೋಗುವುದನ್ನೇ ಬಿಟ್ಟೆ.

ಕವಿತಾ ಕೆರೆ ಏರಿಯ ಮೇಲೆ ನಡೆದು ಚೌಡಪ್ಪನವರ ಮನೆಗೆ ಹೋಗತೊಡಗಿದಳು. ರೋಗದ ಭಯ, ಯಾರೂ ಯಾರನ್ನೂ ಒಳಗೆ ಸೇರಿಸದ ಕಾಲ. ಚೌಡಪ್ಪನ ಹೆಂಡತಿ ಒಳ್ಳೆಯವಳು, ಟಿವಿಯನ್ನು ಕಿಟಕಿಯ ಕಡೆ ತಿರುಗಿಸಿ ಇಟ್ಟಿದ್ದಳು. ಹುಡುಗಿ ಹೊರಗೆ ನಿಂತು ಕಿಟಕಿಯ ಸರಳಿನ ಹತ್ತಿರ ನೋಟ್‌ಬುಕ್ ಇಟ್ಟುಕೊಂಡು ಬರೆದುಕೊಳ್ಳುತ್ತಿದ್ದಳು. ಇದು ಕೇಳಿದ ಮಾತಲ್ಲ, ನಾನೇ ನೋಡಿದ್ದು. ಆ ಊರಿನ ಆಚೆ ಮರ ಬಿದ್ದು ನಮ್ಮ ಲೈನ್ ತುಂಡಾಗಿತ್ತು, ಅದನ್ನು ಸರಿ ಮಾಡಲು ಆ ದಾರಿಯಲ್ಲೇ ಹೋಗಬೇಕಾಯಿತು. ಬೆಳಿಗ್ಗೆ ಹತ್ತು ಗಂಟೆ ಇರಬೇಕು, ಬಿಸಿಲು ಅವಳ ಬೆನ್ನಿಗೆ ಹೊಡೆಯುತ್ತಿತ್ತು. ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸುತ್ತಾ ಬರೆಯುತ್ತಿದ್ದಳು. ಒಳಗೆ ಟಿವಿಯಲ್ಲಿ ಯಾರೋ ಮೇಡಂ ಲೆಕ್ಕ ಹೇಳಿಕೊಡುತ್ತಿದ್ದದ್ದು ರಸ್ತೆಗೆ ಕೇಳುತ್ತಿತ್ತು. ನಿಲ್ಲಿಸಿ ಮಾತಾಡಿಸಬೇಕು ಅನ್ನಿಸಿತು. ಬೈಕಿನ ವೇಗ ಹೆಚ್ಚಿಸಿದೆ.

ಹಳ್ಳಿಯಲ್ಲಿ ಒಂದು ಹುಡುಗಿ ದಿನಾ ಒಂದೇ ಹೊತ್ತಿಗೆ ಇನ್ನೊಬ್ಬರ ಮನೆಯ ಕಿಟಕಿಯಲ್ಲಿ ನಿಂತರೆ ನೋಡುವವರಿಗೆ ಪುಸ್ತಕ ಕಾಣುವುದಿಲ್ಲ. ಚೌಡಪ್ಪನಿಗೆ ಮದುವೆಯಾಗದ ಮಗನೊಬ್ಬನಿದ್ದ. ಅವನು ಹಗಲೆಲ್ಲ ತೋಟದಲ್ಲಿರುತ್ತಿದ್ದ ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಮಾತು ಹುಟ್ಟಿತು. ಕೃಷ್ಣಪ್ಪನ ಅಣ್ಣ ಬಂದು, "ಕಿಟಕಿ ಕಾಯೋದಕ್ಕೆ ಎಣ್ಮಗಳ್ನ ಎತ್ತಿದ್ಯೇನ್ಲಾ?" ಎಂದು ಊರ ನಡುವೆ ತಮ್ಮನನ್ನು ನಿಲ್ಲಿಸಿ ಕೇಳಿದನಂತೆ. ಕೆಲಸವಿಲ್ಲದೆ ಕುಗ್ಗಿದ್ದ ಕೃಷ್ಣಪ್ಪ ಅವನ ಜೊತೆಗೇ ಗಂಡು ಹುಡುಕಲು ಹೊರಟ. ಒಂದು ತಿಂಗಳೊಳಗೆ ಗಡಿಯಾಚೆ ಆಂಧ್ರದ ಹಳ್ಳಿಯೊಂದರಲ್ಲಿ ಗಂಡು ನೋಡಿದರು. ಹುಡುಗಿಗೆ ಹದಿನಾರು. ಆ ಮನೆಯವರ ಮಾತು ತೆಲುಗು.

ಜನ ಸೇರುವಂತಿರಲಿಲ್ಲವಾದ್ದರಿಂದ ಜಯಮ್ಮನ ಮನೆಯ ಮುಂದೆಯೇ ಚಪ್ಪರ ಹಾಕಿ ಬೆಳಿಗ್ಗೆ ಎಂಟಕ್ಕೆ ಮುಗಿಸಿದರು. ತವರಿನ ಕಡೆಯವನೆಂದು ಜಯಮ್ಮ ಹೇಳಿಕಳಿಸಿದ್ದಳು, ತಪ್ಪಿಸಿಕೊಳ್ಳಲಾಗದೆ ನಾನೂ ಹೋಗಿದ್ದೆ. ಹದಿನಾರಕ್ಕೆ ಮದುವೆ ಮಾಡಬಾರದು ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಒಂದು ಫೋನ್ ಮಾಡಿದ್ದರೆ ನಿಲ್ಲುತ್ತಿತ್ತು, ಯಾರೂ ಮಾಡಲಿಲ್ಲ. ನನ್ನ ಜೇಬಿನಲ್ಲೂ ಫೋನಿತ್ತು. ಕವಿತಾ ತಾಯಿಯ ತವರಿನ ಮಾಮ ಎಂದು ನನ್ನ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದಳು. ಅಕ್ಷತೆ ಹಾಕಿ, ಊಟ ಮಾಡಿ ಬಂದೆ. ಆ ವರ್ಷ ಹತ್ತನೇ ಕ್ಲಾಸಿನ ಪರೀಕ್ಷೆ ಹಗುರ ಮಾಡಿದ್ದರು, ಹೋಗಿ ಕೂತವರೆಲ್ಲ ಹೆಚ್ಚುಕಡಿಮೆ ಪಾಸಾದರು. ಕವಿತಾ ಕೂರಲಿಲ್ಲ.

ಹೊಸಬರೇ, ಕಂಪನಿಯ ತಪ್ಪು, ಕಾನೂನಿನ ತಪ್ಪು, ರೋಗದ ತಪ್ಪು ಎಂದು ನಾನೂ ಬೇಕಾದಷ್ಟು ಹೇಳಬಲ್ಲೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ದಾರಿಗೆ ದುಡ್ಡು ತೆಗೆದುಕೊಳ್ಳುವುದು ತಪ್ಪಲ್ಲ. ವೈರಿಗೆ ಖರ್ಚಿದೆ, ಕಂಬ ಹತ್ತುವವನಿಗೆ ಹೊಟ್ಟೆಯಿದೆ. ಆದರೆ ಬಡವರ ಮನೆಗೆ ಪುಕ್ಕಟೆ ಬರುತ್ತಿದ್ದ ದಾರಿಯನ್ನು ಕಿತ್ತು, ಇರುವುದು ಇದೊಂದೇ ದಾರಿ ಎಂದು ನಂಬಿಸಿ, ಆಮೇಲೆ ಆ ದಾರಿಗೆ ಬೇಲಿ ಹಾಕಿ ನಿಂತವನು ನಾನು. ಇದಕ್ಕೆ ಯಾವ ತರಬೇತಿಯಲ್ಲೂ ಉತ್ತರ ಕಲಿಸುವುದಿಲ್ಲ.

ಟ್ರೈನು ಮತ್ತೆ ಶುರುವಾದವು, ಕೃಷ್ಣಪ್ಪ ಮತ್ತೆ ಗೋಡೌನಿಗೆ ಹೋದ. ನನ್ನ ಮಂಡಿ ಹೋಗಿ ವಸೂಲಿಗೆ ಹಾಕಿದರು ಎಂದೆನಲ್ಲ, ಆಗ ಆ ಊರು ನನ್ನ ಪಾಲಿಗೇ ಬಂತು. ಮೊದಲೆರಡು ತಿಂಗಳು ಜಯಮ್ಮನ ಮನೆಗೆ ಆಫೀಸಿನ ಬೇರೆ ಹುಡುಗನನ್ನು ಕಳಿಸಿ ತಪ್ಪಿಸಿಕೊಂಡೆ. ಕೆಲಸದ ಕೊನೇ ದಿನ ಉಳಿದ ಮನೆಗಳನ್ನೆಲ್ಲ ಮುಗಿಸಿ, ಬೇರೆ ದಾರಿಯಿಲ್ಲದೆ ಜಯಮ್ಮನ ಮನೆಗೆ ಹೋದೆ. ಮಧ್ಯಾಹ್ನ. ಅವಳು ಹಸುವಿಗೆ ಬೂಸಾ ಕಲಸುತ್ತಿದ್ದಳು. ಕೈ ತೊಳೆದುಕೊಂಡು ಬಂದು ಚಾಪೆ ಹಾಕಿದಳು. ಟಿವಿಯ ಮೇಲೆ ಮಡಿಸಿದ ಸೀರೆಯೊಂದನ್ನು ಹೊದಿಸಿದ್ದಳು, ಸೀರೆಯ ಮೇಲೆ ಧೂಳು ಕೂತಿತ್ತು. ಪಕ್ಕದಲ್ಲಿ ಡಬ್ಬಿಯ ಕೆಂಪು ದೀಪ ಉರಿಯುತ್ತಿತ್ತು.

"ಟಿವಿ ನೋಡಲ್ವಾ ಜಯಮ್ಮ?"

"ಯಾರಣ್ಣ ನೋಡ್ತಾರೆ? ಅವರು ಟ್ರೈನಿಂದ ಬಂದು ಉಂಡು ಮಲಗಿಬಿಡ್ತಾರೆ. ನಂಗೆ ಅಸು ಕೆಲಸಾನೇ ಮುಗಿಯಾಕಿಲ್ಲ."

"ಮತ್ಯಾಕೆ ಕಟ್ತೀಯಮ್ಮ? ನಿಲ್ಲಿಸಿಬಿಡು. ನಾನೇ ಆಫೀಸಿಗೆ ಹೇಳ್ತೀನಿ."

ಅವಳು ಸೊಂಟದ ಚೀಲದಿಂದ ಎತ್ತಿಟ್ಟಿದ್ದ ದುಡ್ಡು ತೆಗೆದು ನನ್ನ ಮುಂದೆ ಇಟ್ಟಳು.

"ಬ್ಯಾಡಣ್ಣ. ಅವತ್ತು ನಾನು ಕಟ್ಟಿದ್ರೆ ನನ್ ಮಗ್ಳು ಮನೇಲೇ ಕೂತು ಓದ್ಕೊತಿದ್ಲು. ಕಿಟ್ಕಿಗೆ ಓಗ್ತಿರ್ಲಿಲ್ಲ. ಇನ್ನೊಂದೆರಡು ಲೀಟರ್ ಆಲು ಮಾರಿದ್ರೆ ಆಗ್ತಿತ್ತು, ಮನೇಗೆ ಅಂತ ಇಟ್ಕೊಂಡೆ. ನನ್ದೇ ತಪ್ಪು."

"ನಿನ್ನ ತಪ್ಪಲ್ಲಮ್ಮ" ಎಂದೆ. ಯಾರ ತಪ್ಪು ಎಂದು ಅವಳು ಕೇಳಲಿ, ಕೇಳಿದರೆ ಹೇಳಿಬಿಡುತ್ತೇನೆ ಎಂದುಕೊಂಡೆ.

"ನಿನ್ದೂ ಅಲ್ಲ ಬುಡು. ಆ ಆಫೀಸ್ನೋರು ನಿಂಗೂ ಸುಳ್ಳು ಏಳಿದ್ರು. ಚೌಡಪ್ಪನೋರ್ದು ಇವತ್ಗೂ ಬತ್ತಾ ಅದೆ. ಪಾಪ, ನಿಂಗೇನ್ ಗೊತ್ತಿತ್ತು?"

ಹೂಂ ಎಂದೆ. ದುಡ್ಡು ತೆಗೆದುಕೊಂಡು ಮೆಷಿನ್ ಒತ್ತಿ ಚೀಟಿ ಹರಿದು ಕೊಟ್ಟೆ. ಅವಳು ಅದನ್ನು ಓದಲಿಲ್ಲ, ಮಡಿಸಿ ಟಿವಿಯ ಮೇಲಿನ ಸೀರೆಯಡಿ ಇಟ್ಟಳು. ಅಲ್ಲಿ ಅಂಥ ಚೀಟಿಗಳು ಬಹಳ ಇದ್ದವು. ಇವತ್ತಿಗೆ ನನ್ನ ಕೆಲಸ ಮುಗಿಯಿತು, ಇನ್ನು ಮೇಲೆ ಬೇರೆಯವರು ಬರುತ್ತಾರೆ ಎಂದು ಹೇಳಿ ಎದ್ದೆ. ಬಾಗಿಲ ತನಕ ಬಂದಳು.

"ಅಂಗಾದ್ರೆ ಬರೋರಿಗೆ ಒಂದು ಮಾತು ಏಳಣ್ಣ" ಎಂದಳು. "ತಾರೀಕು ದಾಟೋದಕ್ಕೆ ಮುಂಚೇನೇ ಬಂದು ಈಸ್ಕೊಂಡೋಗ್ಲಿ. ಡಬ್ಬಿ ಒಂದಿನಾನೂ ಆರೋಗೋದು ಬ್ಯಾಡ."

ಹೇಳುತ್ತೇನೆ ಎಂದೆ.